ಚೆಂಡೆಯ ಸದ್ದೂ ನೆರೆಮನೆಯ ನಿದ್ದೆಯೂ

ನೆರೆಯವರ ದೂರಿನಿಂದ ಎಲ್ಲಿಯೋ ಹಾಡು ನಿಂತಿತೆಂಬ ಸುದ್ದಿಯನ್ನು ಓದಿದಾಗ, ನಮ್ಮ ಕರಾವಳಿಯವರು ಅದನ್ನು ಬೆಂಗಳೂರಿನ ಸಮಾಚಾರವೆಂದು ಎಣಿಸಿ ಪುಟ ಮಗುಚಿಬಿಡುತ್ತಾರೆ. ಹಾಗೆ ಎಣಿಸುವುದಕ್ಕೆ ಕಾರಣವೂ ಇಲ್ಲದಿಲ್ಲ. ಬೆಂಗಳೂರಿನ ಇಂದಿರಾನಗರದಲ್ಲಿ ಪಾನಗೃಹಗಳೊಳಗಣ ವಾದ್ಯಗೋಷ್ಠಿಗಳನ್ನು ಕುರಿತು ನಿವಾಸಿಗಳು ವರ್ಷಗಟ್ಟಲೆ ದೂರಿದರು. ಇಂಥ ಗೋಷ್ಠಿಗಳಿಗೆ ಪ್ರತ್ಯೇಕ ಪರವಾನಗಿ ಬೇಕೆಂಬ 2005ರ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಎತ್ತಿಹಿಡಿಯಿತು. ಅನಂತರ ಅಲ್ಲಿಯ ಅನೇಕ ವೇದಿಕೆಗಳು ಮೌನವಾದವು. 2013ರಲ್ಲಿ ತೆರೆದು, ಹೊಸ ವಾದ್ಯವೃಂದಗಳ ತವರಿನಂತೆ ಇದ್ದ 'ಹಮ್ಮಿಂಗ್ ಟ್ರೀ' 2019ರಲ್ಲಿ ಬಾಗಿಲು ಹಾಕಿತು. ಗಿಟಾರು, ಬಿಯರು, ಮಧ್ಯರಾತ್ರಿ — ಇವುಗಳಿಗೂ ನಮಗೂ ಏನು ಸಂಬಂಧ? ಮಣಿಪಾಲದ ವಿದ್ಯಾರ್ಥಿಗಳಿಗೆ ಇದ್ದೀತು, ಉಳಿದವರಿಗೇನು?

ಈ ನೆಮ್ಮದಿ ಬಹುಕಾಲ ಉಳಿಯಲಿಲ್ಲ. 2022ರ ತಿರುಗಾಟದ ಆರಂಭದಲ್ಲಿ ಕಟೀಲಿನ ಆರು ಮೇಳಗಳೂ ಇನ್ನು ಬೆಳತನಕ ಆಡುವುದಿಲ್ಲ, ಸಂಜೆಯೇ ತೊಡಗಿ ಕಾಲಮಿತಿಯಲ್ಲಿ ಆಟವನ್ನು ಮುಗಿಸುತ್ತವೆ ಎಂಬ ಪ್ರಕಟನೆ ಬಂದಿತು. ಕೊಟ್ಟ ಕಾರಣ ಶಬ್ದ ಮಾಲಿನ್ಯದ ನಿಯಮ. ಭಕ್ತರಲ್ಲಿ ಒಂದು ವರ್ಗ ವಿರೋಧಿಸಿತು, ಪಾದಯಾತ್ರೆ ನಡೆಯಿತು, ಪತ್ರಿಕೆಗಳ ವಾಚಕರ ಪತ್ರಗಳಲ್ಲಿ ವಾರಗಟ್ಟಲೆ ತಾಳಮದ್ದಳೆಯೇ ನಡೆಯಿತೆನ್ನಬೇಕು. ಧರ್ಮಸ್ಥಳದ ಮೇಳ ಅದಕ್ಕೆ ಮೊದಲೇ ಕಾಲಮಿತಿಗೆ ಬಂದಿದ್ದರೂ ಆಗ ಇಷ್ಟು ಅಲೆ ಎದ್ದಿರಲಿಲ್ಲ. ಕಟೀಲಿನ ಆಟವೆಂದರೆ ಹರಕೆಯ ಆಟ. ಹರಕೆ ಹೊತ್ತವನು ತನ್ನ ಸರದಿಗಾಗಿ ವರ್ಷಗಟ್ಟಲೆ ಕಾಯುತ್ತಾನೆ. ಬಾಯ್ದೆರೆದು ಹೇಳಿಕೊಂಡದ್ದು ಇಡೀ ಇರುಳಿನ ಸೇವೆ. ಅರ್ಧ ಇರುಳಿನದನ್ನು ದೇವಿ ಪೂರ್ಣವೆಂದು ಎಣಿಸುವಳೇ ಎಂಬ ಅಂಜಿಕೆ ಅವನದು. ನಾವು ಅದನ್ನು ನಗಬಹುದು. ಅವನ ಪಾಲಿಗೆ ಅದು ಸಾಲದ ಪ್ರಶ್ನೆ.

ನಿಯಮವನ್ನು ಒಮ್ಮೆ ನೋಡಬೇಕು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಇರುಳೆಂದರೆ ಹತ್ತು ಗಂಟೆಯಿಂದ ಬೆಳಗಿನ ಆರರ ವರೆಗೆ. ವಸತಿಯ ನೆಲೆಯಲ್ಲಿ ಹಗಲು 55 ಡೆಸಿಬೆಲ್, ಇರುಳು 45. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರಿನೊಳಗೆ ಅದಕ್ಕಿಂತಲೂ ಐದೈದು ಕಡಿಮೆ. ಹಬ್ಬ, ಉತ್ಸವಗಳಿಗೆಂದು ಸರಕಾರವು ವರ್ಷದಲ್ಲಿ ಹೆಚ್ಚೆಂದರೆ ಹದಿನೈದು ದಿನ, ಅದೂ ನಡುರಾತ್ರಿ ಹನ್ನೆರಡರ ವರೆಗೆ ಮಾತ್ರ ರಿಯಾಯಿತಿ ಕೊಡಬಹುದು. ದೀಪಾವಳಿಯ ಆಸುಪಾಸಿನಲ್ಲಿ ಗೆಜ್ಜೆ ಕಟ್ಟಿ ಪತ್ತನಾಜೆಗೆ ಗೆಜ್ಜೆ ಬಿಚ್ಚುವ ಮೇಳಕ್ಕೆ ಹದಿನೈದು ದಿನ ಯಾವ ಮೂಲೆಗೆ? ಹಲವರು ಗಮನಿಸದ ಸಂಗತಿ ಇನ್ನೊಂದುಂಟು. ಮೊದಲು ನಿಷೇಧವಿದ್ದದ್ದು ಧ್ವನಿವರ್ಧಕಕ್ಕೆ. 2010ರ ತಿದ್ದುಪಡಿಯಲ್ಲಿ ಸಂಗೀತವಾದ್ಯವೆಂಬ ಮಾತೂ ಸೇರಿಕೊಂಡಿತು. ಆದುದರಿಂದ ಮೈಕನ್ನು ಕಿತ್ತಿಟ್ಟು ಬರಿಯ ಚೆಂಡೆಯನ್ನೇ ಬಾರಿಸಿದರೂ, ಹತ್ತು ಗಂಟೆ ಕಳೆದರೆ ಅದು ಅಪರಾಧವೇ. ಮುಚ್ಚಿದ ಸಭಾಂಗಣದ ಒಳಗೆ ಮಾತ್ರ ಅಡ್ಡಿಯಿಲ್ಲ. ಬಯಲಾಟದ ಹೆಸರಿನಲ್ಲಿಯೇ ಬಯಲು ಇದೆ. ನಿಯಮ ಅದನ್ನು ಬಾಗಿಲು ಹಾಕಿಕೊಂಡು ಆಡು ಎನ್ನುತ್ತದೆ.

ಇಲ್ಲಿ ಕನ್ನಡದ ಅಧ್ಯಾಪಕನಿಗೆ ಒಂದು ವಿನೋದ ಹೊಳೆಯದಿರದು. 'ಶಬ್ದ ಮಾಲಿನ್ಯ'ವೆಂಬ ಪದವನ್ನು ನಾವು ಹೊಸದಾಗಿ ಟಂಕಿಸಿಕೊಂಡೆವು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಶಬ್ದವನ್ನು ದ್ರವ್ಯವೆಂದು ಕರೆದು, ಅದು ನಾಭಿಮೂಲದಲ್ಲಿ ಕಹಳೆಯ ರೀತಿಯಲ್ಲಿ ಹುಟ್ಟುತ್ತದೆಂದೂ ಅದರ ಬಣ್ಣ ಬಿಳಿದೆಂದೂ ಹೇಳಿದ್ದಾನೆ. ಅವನಿಗೆ ಶ್ವೇತವಾಗಿದ್ದದ್ದು ನಮಗೆ ಮಲಿನವಾಯಿತು. ಕೇಶಿರಾಜನ ಕಾಲದಲ್ಲಿ ಕಹಳೆಗೆ ವಿದ್ಯುತ್ತಿನ ಸಂಪರ್ಕ ಇರಲಿಲ್ಲವೆಂಬುದನ್ನೂ ನ್ಯಾಯವಾಗಿ ಸೇರಿಸಿ ಹೇಳಬೇಕು.

ಆಟದಲ್ಲಿ ಸದ್ದು ಎಂದರೆ ಕಲೆಯ ಜೊತೆಗೆ ಬಂದ ಉಪದ್ರವವಲ್ಲ. ಅದೇ ಮೊದಲ ಕರೆಯೋಲೆ. ಮುಸ್ಸಂಜೆಯಲ್ಲಿ ಕೇಳಿ ಬಡಿಯುತ್ತಿದ್ದುದು ಯಾತಕ್ಕೆ? ಇಂದು ಇಂಥ ಗದ್ದೆಯಲ್ಲಿ ಆಟವುಂಟೆಂದು ಸುತ್ತಣ ನಾಲ್ಕು ಊರುಗಳಿಗೆ ತಿಳಿಸುವುದಕ್ಕೆ. ಅಚ್ಚಿನ ಕರಪತ್ರವಿಲ್ಲ, ಓದಬಲ್ಲವರೂ ಹೆಚ್ಚಿಲ್ಲ. ಚೆಂಡೆಯ ದನಿ ಗುಡ್ಡವೇರಿ ಹೊಳೆ ದಾಟಿ ಕಿವಿಗೆ ಬಿದ್ದರೆ ಊಟ ಮುಗಿಸಿ ಸೂಟೆ ಹೊತ್ತಿಸಿಕೊಂಡು ಹೊರಡುತ್ತಿದ್ದರು. ದೂರ ಕೇಳುವುದೇ ಆ ವಾದ್ಯದ ಧರ್ಮ. ಕಾರ್ಕಳದ ಕಡೆಯ ಹಿರಿಯರು, ಗಾಳಿ ಬೀಸುವ ದಿಕ್ಕನ್ನು ನೋಡಿ ಆಟ ಯಾವ ಊರಿನಲ್ಲೆಂದು ಊಹಿಸುತ್ತಿದ್ದೆವೆಂದು ಹೇಳುವುದನ್ನು ಕೇಳಿದ್ದೇನೆ. ಜೋಡಾಟಗಳ ಕಾಲದಲ್ಲಂತೂ ಎರಡು ಮೇಳಗಳು ಒಂದೇ ಬಯಲಿನಲ್ಲಿ ಮಗ್ಗುಲುಮಗ್ಗುಲಾಗಿ ನಿಂತು ಒಂದನ್ನೊಂದು ಮೀರಿಸಲು ಬಡಿಯುತ್ತಿದ್ದವು. ಆ ರಾತ್ರಿಗಳಲ್ಲಿ ನಿದ್ದೆಯ ಮಾತೆತ್ತಿದವನನ್ನು ಊರವರು ರೋಗಿಯೆಂದೇ ಬಗೆಯುತ್ತಿದ್ದರು.

ಆಟ ಬೆಳತನಕ ನಡೆದದ್ದಕ್ಕೆ ಭಕ್ತಿಯೊಂದೇ ಕಾರಣವಲ್ಲ. ಕತ್ತಲಲ್ಲಿ ಮನೆಗೆ ಮರಳುವ ದಾರಿಯೇ ಇರಲಿಲ್ಲ. ಗದ್ದೆಯ ಹುಣಿಯಲ್ಲಿ ಹಾವು, ಹೊಳೆಯಲ್ಲಿ ದೋಣಿಯಿಲ್ಲ, ಕೈಯಲ್ಲಿ ಎಳೆಯ ಮಕ್ಕಳು. ಬಂದವರನ್ನು ಬೆಳಕು ಹರಿಯುವ ತನಕ ಹಿಡಿದಿಡಬೇಕಾದುದು ಆತಿಥ್ಯದ ಒಂದು ಭಾಗವಾಗಿತ್ತು. ಈ ಕಾರಣ ಇಂದು ಉಳಿದಿಲ್ಲ. ಆಟ ಮುಗಿದ ಕಾಲುಗಂಟೆಯಲ್ಲಿ ಎಲ್ಲರ ವಾಹನಗಳೂ ಮನೆ ಸೇರುತ್ತವೆ. ನಡುರಾತ್ರಿ ಎರಡು ಗಂಟೆಯ ಮೇಲೆ ಕುರ್ಚಿಗಳು ಬರಿದಾಗುತ್ತಿದ್ದುದು ನಿಯಮ ಬರುವ ಮೊದಲೇ ಕಂಡ ದೃಶ್ಯ. ದೂರು ಕೊಟ್ಟವರಿಗಿಂತ ಮೊದಲೇ ಎದ್ದುಹೋದವರು ನಾವು. ಕಲಾವಿದರಲ್ಲಿಯೂ ಕಾಲಮಿತಿಯನ್ನು ಮನಸಾರೆ ಸ್ವಾಗತಿಸಿದವರಿದ್ದಾರೆ. ಆರು ತಿಂಗಳು ನಿದ್ದೆಗೆಟ್ಟ ದೇಹದ ಕಷ್ಟ ಪ್ರೇಕ್ಷಕನಿಗೆ ತಿಳಿಯದು.

ಹಾಗಾದರೆ ಹೋದದ್ದೇನು? ನನ್ನ ಎಣಿಕೆಯಲ್ಲಿ ಹೋದದ್ದು ಗಂಟೆಗಳಲ್ಲ, ಇರುಳಿನ ಮೇಲೆ ಕಟ್ಟಿದ ಒಂದು ವಾಸ್ತು. ಪೂರ್ಣರಾತ್ರಿಯ ಆಟದಲ್ಲಿ ಹೊತ್ತೇ ಒಂದು ಪಾತ್ರ. ಮೊದಲ ಜಾವದಲ್ಲಿ ಪೂರ್ವರಂಗ: ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ. ಹಾಡುವವನು ಇನ್ನೂ ಕಲಿಯುತ್ತಿರುವ ಭಾಗವತ, ಕುಣಿಯುವವರು ಹೊಸದಾಗಿ ಗೆಜ್ಜೆ ಕಟ್ಟಿದ ಹುಡುಗರು. ಪ್ರೇಕ್ಷಕರು ಅದನ್ನು ಅಷ್ಟಾಗಿ ನೋಡುತ್ತಿರಲಿಲ್ಲ. ಆ ಉದಾಸೀನವೇ ಹುಡುಗರಿಗೆ ವರವಾಗಿತ್ತು. ಯಾರೂ ಗಮನಿಸದ ರಂಗಸ್ಥಳದಲ್ಲಿ ತಪ್ಪು ಹೆಜ್ಜೆ ಹಾಕಿ ತಿದ್ದಿಕೊಳ್ಳುವ ಅವಕಾಶ ಇನ್ನೆಲ್ಲಿ ಸಿಕ್ಕೀತು? ಹೊತ್ತೇರಿದಂತೆ ಶ್ರುತಿ ಏರುತ್ತದೆ, ಭಾಗವತರು ಬದಲಾಗುತ್ತಾರೆ, ವೇಷಗಳ ಗಾತ್ರ ಹೆಚ್ಚುತ್ತದೆ. ದೇವೀಮಹಾತ್ಮೆಯಲ್ಲಿ ಮಹಿಷಾಸುರ ಬರುವುದು ಚೌಕಿಯಿಂದ ನೇರವಾಗಿ ಅಲ್ಲ, ಪ್ರೇಕ್ಷಕರ ಬೆನ್ನ ಹಿಂದಣ ಕತ್ತಲೆಯಿಂದ. ನಡುರಾತ್ರಿಯಲ್ಲಿ ಅರೆನಿದ್ದೆಯಲ್ಲಿರುವ ಮಗುವಿನ ಕಿವಿಯ ಬಳಿ ಆ ಆರ್ಭಟೆ ಕೇಳಿ, ಕಣ್ಣು ತೆರೆದರೆ ದೀವಟಿಗೆಯ ಬೆಂಕಿಯ ನಡುವೆ ಕೊಂಬು ಕಾಣುತ್ತದೆ. ಸಂಜೆಯೇ ತೊಡಗಿದ ಆಟದಲ್ಲಿ ಈ ಮಹಿಷನು ಪಕ್ಕದ ಮನೆಯಲ್ಲಿ ಅಡುಗೆಯಾಗುತ್ತಿರುವಾಗಲೇ ಬಂದುಬಿಡುತ್ತಾನೆ. ವೇಷ ಅದೇ, ಹೆಜ್ಜೆ ಅದೇ; ಹೊತ್ತು ಮಾತ್ರ ಅದಲ್ಲ. ಚಂಡಮುಂಡರು, ರಕ್ತಬೀಜ, ಶುಂಭ ನಿಶುಂಭರೆಂದು ಇರುಳು ಕರಗುತ್ತ ಹೋಗಿ, ಕೊನೆಯ ಅಸುರ ಬೀಳುವಾಗ ಮೂಡಣ ಬಾನು ಕೆಂಪಾಗುವುದು ಕವಿಯ ಕಲ್ಪನೆಯಲ್ಲ, ವೇಳಾಪಟ್ಟಿ.

ಆಟವನ್ನು ಕಿರಿದುಗೊಳಿಸುವುದೇ ಪಾಪವೆಂದು ನಾನು ಹೇಳಹೊರಟಿಲ್ಲ. 'ಯಕ್ಷಗಾನ ಬಯಲಾಟ' ಗ್ರಂಥಕ್ಕಾಗಿ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಪಡೆದ ಶಿವರಾಮ ಕಾರಂತರೇ ತಮ್ಮ ರಂಗಪ್ರಯೋಗಗಳಲ್ಲಿ ಮಾತನ್ನು ತೆಗೆದು ಕಾಲವನ್ನು ಮೊಟಕುಗೊಳಿಸಿದರು. 1934ರಲ್ಲಿ ಹುಟ್ಟಿದ ಕೆರೆಮನೆಯ ಇಡಗುಂಜಿ ಮೇಳವೂ ಅಲ್ಪಾವಧಿಯ ಪ್ರದರ್ಶನಗಳನ್ನು ದೇಶವಿದೇಶಗಳಿಗೆ ಒಯ್ದಿತು. ಆದರೆ ಅಲ್ಲಿ ಕತ್ತರಿ ಹಿಡಿದವನು ಕಲಾವಿದ. ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಬೇಕೆಂದು ತೂಗಿ ನೋಡಿ ಕತ್ತರಿಸಿದ. ಇಲ್ಲಿ ಕತ್ತರಿಸುವುದು ಗಡಿಯಾರ. ಗಡಿಯಾರದ ಕತ್ತರಿಗೆ ಮೊದಲು ಸಿಕ್ಕುವುದು ಪೂರ್ವರಂಗ, ಎಂದರೆ ಆ ಹುಡುಗರು.

ಇನ್ನು ನೆರೆಯವರ ವಿಚಾರ. ಕಾಪುವಿನ ಸಮೀಪ ನನಗೆ ಪರಿಚಯದ ಒಂದು ಗದ್ದೆಯುಂಟು. ಅದರ ಮುಕ್ಕಾಲು ಪಾಲಿಗೆ ಕೆಂಪುಮಣ್ಣು ತುಂಬಿಸಿ ನಾಲ್ಕು ಅಂತಸ್ತಿನ ವಸತಿಗಳು ಎದ್ದಿವೆ. ಉಳಿದ ಕಾಲು ಪಾಲಿನಲ್ಲಿ ವರ್ಷಕ್ಕೊಮ್ಮೆ ಹರಕೆಯ ಆಟ. ಮೂರನೆಯ ಅಂತಸ್ತಿನಲ್ಲಿರುವ ತರುಣಿ ಆಸ್ಪತ್ರೆಯೊಂದರಲ್ಲಿ ದಾದಿ. ನನ್ನ ಹಳೆಯ ವಿದ್ಯಾರ್ಥಿನಿ. ದೂರಿಗೆ ಸಹಿ ಹಾಕಿದವರಲ್ಲಿ ಆಕೆಯೂ ಒಬ್ಬಳು.

"ಸರ್, ಆಟ ನನಗೂ ಇಷ್ಟವೇ. ಸಣ್ಣದಿರುವಾಗ ಅಜ್ಜಿಯೊಟ್ಟಿಗೆ ಚಾಪೆ ಹಿಡ್ಕೊಂಡು ಹೋಗ್ತಿದ್ದೆ," ಎಂದಳು. "ಆದ್ರೆ ಬೆಳಿಗ್ಗೆ ಆರೂವರೆಗೆ ನಾನು ವಾರ್ಡಿನಲ್ಲಿರ್ಬೇಕು. ಸ್ಪೀಕರು ನಮ್ಮ ಕಿಟಿಕಿಗೇ ಮುಖ ಮಾಡಿ ಉಂಟು. ನಿದ್ದೆ ಇಲ್ಲದೆ ಸೂಜಿ ಹಿಡಿದ್ರೆ ಕೈ ನಡುಗ್ತದೆ ಸರ್. ರೋಗಿಗೆ ನಾನು ಎಂತ ಹೇಳುದು, ನಿನ್ನೆ ಆಟ ಇತ್ತು ಅಂತಲಾ?"

ಆಟ ಆಡಿಸುವ ಮನೆಯ ಹಿರಿಯರದು ಬೇರೆಯೇ ವರಸೆ. "ಮಾಷ್ಟ್ರೇ, ಅವ್ರು ಮನೆ ತೆಗೊಳ್ಳುವಾಗ ನೀರುಂಟಾ, ಕರೆಂಟುಂಟಾ, ಕಾರು ನಿಲ್ಲಿಸ್ಲಿಕ್ಕೆ ಜಾಗ ಉಂಟಾ ಅಂತ ಎಲ್ಲ ಕೇಳಿದ್ರು. ಆಟ ಉಂಟಾ ಅಂತ ಒಬ್ಬರಾದ್ರೂ ಕೇಳ್ಬೇಕಲ್ಲ ಮಾರಾಯ್ರೆ!"

ಅವರ ಮಾತಿನಲ್ಲಿ ತಥ್ಯವುಂಟು. ಆದರೆ ಕೇಳದಿದ್ದವರಷ್ಟೇ ಹೇಳದಿದ್ದವರೂ ಇದಕ್ಕೆ ಹೊಣೆ. ಗದ್ದೆಯ ಆ ಮುಕ್ಕಾಲು ಪಾಲನ್ನು ಮಾರಿದವರು ಹಿರಿಯರ ಸ್ವಂತ ತಮ್ಮಂದಿರು. ಉಡುಪಿಯಿಂದ ಕಾರ್ಕಳದ ವರೆಗೆ ಎಲ್ಲಿ ನೋಡಿದರೂ ಕಥೆ ಇದೇ. 1953ರಲ್ಲಿ ವೈದ್ಯಕೀಯ ಕಾಲೇಜು ಬರುವ ಮೊದಲು ಬೋಳುಗುಡ್ಡವೇ ಆಗಿದ್ದ ಮಣಿಪಾಲ ಇಂದು ಗುಡ್ಡದಿಂದ ಇಳಿದು ನಾಲ್ಕೂ ದಿಕ್ಕಿಗೆ ಹಬ್ಬಿದೆ. ಹೊಸಬರು ಆಕಾಶದಿಂದ ಉದುರಲಿಲ್ಲ, ನಾವು ಕ್ರಯಪತ್ರ ಬರೆದುಕೊಟ್ಟು ಕರೆತಂದೆವು.

ಮೊದಲು ಇದ್ದವನಿಗೆ ಹೆಚ್ಚಿನ ಹಕ್ಕುಂಟೆ? ಲೋಕರೂಢಿ ಉಂಟೆನ್ನುತ್ತದೆ. ನ್ಯಾಯಾಲಯಗಳು ಹಾಗೆನ್ನಲಿಲ್ಲ. ಇಂಗ್ಲೆಂಡಿನಲ್ಲಿ 1879ರಷ್ಟು ಹಿಂದೆ ತೀರ್ಮಾನವಾದ ಒಂದು ವ್ಯಾಜ್ಯವನ್ನು ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಲಂಡನ್ನಿನ ಮಿಠಾಯಿಗಾರನೊಬ್ಬ ಇಪ್ಪತ್ತು ವರ್ಷಗಳಿಗೂ ಮೇಲೆ ತನ್ನ ಅಡುಗೆಮನೆಯಲ್ಲಿ ದೊಡ್ಡ ಒರಳುಗಳನ್ನಿಟ್ಟು ಕುಟ್ಟುತ್ತಿದ್ದ. ಹಿತ್ತಿಲಿನಾಚೆಯ ವೈದ್ಯನೊಬ್ಬ ಅದೇ ಗೋಡೆಗೆ ತಾಗಿಸಿ ರೋಗಿಗಳನ್ನು ನೋಡುವ ಕೋಣೆಯನ್ನು ಕಟ್ಟಿಕೊಂಡ. ಕಟ್ಟಿದ ಮೇಲೆ ಒರಳಿನ ಸದ್ದಿಗೆ ಎದೆಬಡಿತ ಕೇಳಿಸುವುದಿಲ್ಲವೆಂದು ದಾವೆ ಹೂಡಿದ. ಗೆದ್ದವನು ವೈದ್ಯ. ಉಪದ್ರವದ ಬಳಿಗೆ ತಾನಾಗಿ ಬಂದೆಯೆಂಬುದು ದೂರುಗಾರನ ಬಾಯಿ ಮುಚ್ಚಿಸುವ ಉತ್ತರವಾಗದು. ನಮ್ಮ ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ಚೆನ್ನೈನ ಬಡಾವಣೆಯೊಂದರ ನಿವಾಸಿಗಳಿಗೂ ಡೋಲು, ಧ್ವನಿವರ್ಧಕಗಳನ್ನು ಬಳಸುತ್ತಿದ್ದ ಚರ್ಚಿಗೂ ನಡೆದ ವಿವಾದದಲ್ಲಿ, ಇತರರ ನೆಮ್ಮದಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಮತವೂ ವಿಧಿಸುವುದಿಲ್ಲವೆಂಬ ಅಭಿಪ್ರಾಯವನ್ನು ತಾಳಿತು. 2005ರ ಪ್ರಸಿದ್ಧ ತೀರ್ಪಿನ ಹಿಂದೆ ಇನ್ನೂ ದಾರುಣವಾದ ಹಿನ್ನೆಲೆಯಿದೆ. ಧ್ವನಿವರ್ಧಕದ ಹಾಡಿನ ಅಬ್ಬರದಲ್ಲಿ, ಅತ್ಯಾಚಾರಕ್ಕೆ ಗುರಿಯಾದ ಬಾಲಕಿಯ ಕೂಗು ಯಾರ ಕಿವಿಗೂ ಬೀಳಲಿಲ್ಲವೆಂಬ ಪತ್ರಿಕಾ ವರದಿಯೇ ಆ ಅರ್ಜಿಗೆ ಪ್ರೇರಣೆ. ಇದನ್ನು ತಿಳಿದವನು ಶಬ್ದದ ನಿಯಮವನ್ನು ಬರಿಯ ಪಟ್ಟಣಿಗರ ನಾಜೂಕಿನ ಫಲವೆಂದು ತಳ್ಳಿಹಾಕಲಾರ.

ಆದರೂ ನಿಯಮ ಯಾವಾಗ ನಿದ್ರಿಸುತ್ತದೆ, ಯಾವಾಗ ಎಚ್ಚರಗೊಳ್ಳುತ್ತದೆ ಎಂಬುದನ್ನು ನೋಡಬೇಡವೆ? 2005ರಿಂದ 2022ರ ವರೆಗೆ ಇದೇ ನಿಯಮವಿತ್ತು, ಇದೇ ಚೆಂಡೆಯಿತ್ತು. 2022ರ ಬೇಸಗೆಯಲ್ಲಿ ಮಸೀದಿಗಳ ಧ್ವನಿವರ್ಧಕವನ್ನು ಕುರಿತು ರಾಜ್ಯದಲ್ಲಿ ವಿವಾದ ಎದ್ದಿತು. ಮೇ ತಿಂಗಳಿನಲ್ಲಿ ಸರಕಾರ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದು ಆದೇಶಿಸಿತು. ನವೆಂಬರಿನಲ್ಲಿ ಗೆಜ್ಜೆ ಕಟ್ಟಿದ ಮೇಳ ಗಡಿಯಾರ ನೋಡಿತು. ನೆರೆಯವನ ಕೊರಳಿಗೆಂದು ಹೊಸೆದ ಹಗ್ಗ ಎಷ್ಟು ಉದ್ದವಿತ್ತೆಂದು ಹೊಸೆಯುವಾಗ ಯಾರೂ ಅಳೆದು ನೋಡಿರಲಿಲ್ಲ. ಇನ್ನು ಕಾಪು, ಪಡುಬಿದ್ರಿಗಳ ನಡುವೆ ಹೋಗುವ ಹೆದ್ದಾರಿಯಲ್ಲಿ ಲಾರಿಗಳು ಇರುಳಿಡೀ ಹಾರ್ನು ಹೊಡೆಯುತ್ತ ಓಡುತ್ತವೆ. ಅದರ ಮೇಲೆ ಯಾರೂ ದೂರು ಬರೆದದ್ದನ್ನು ನಾನು ಕೇಳಿಲ್ಲ. ಎರಡು ವರ್ಷಕ್ಕೊಮ್ಮೆ ಪರ್ಯಾಯದ ಇರುಳು ಇಡೀ ಉಡುಪಿ ಎಚ್ಚರವಾಗಿರುತ್ತದೆ, ಬ್ರಾಹ್ಮೀ ಮುಹೂರ್ತಕ್ಕೆ ಮೊದಲೇ ಮೆರವಣಿಗೆ ವಾದ್ಯಘೋಷದೊಂದಿಗೆ ಹೊರಡುತ್ತದೆ. ಅಂದು ಯಾರ ನಿದ್ದೆಯೂ ಕೆಡುವುದಿಲ್ಲ. ಏಕೆಂದರೆ ಯಾರೂ ಮಲಗಿರುವುದಿಲ್ಲ. ತಾನು ಭಾಗಿಯಾದ ಸದ್ದು ಕಿವಿಗೆ ಅಷ್ಟು ದೊಡ್ಡದಾಗಿ ಕೇಳುವುದಿಲ್ಲವೆಂಬುದನ್ನು ಅಳೆಯುವ ಯಂತ್ರ ಇನ್ನೂ ಬಂದಿಲ್ಲ.

ಮೈಕಿನ ಮಟ್ಟಿಗೆ ನನ್ನ ಅಭಿಪ್ರಾಯ ಸ್ಪಷ್ಟ. ಎದುರಿನಲ್ಲಿ ಇನ್ನೂರು ಜನರಿದ್ದರೆ ಎರಡು ಸಾವಿರ ಜನರಿಗೆ ಸಾಲುವ ಧ್ವನಿವರ್ಧಕಗಳನ್ನು ಕಟ್ಟುವುದು ಕಲೆಗೂ ಅಪಚಾರ, ನೆರೆಗೂ ಅಪಚಾರ. ಮದ್ದಳೆಯ ನಾದ, ಚಕ್ರತಾಳದ ಇಂಪು ಆ ಗದ್ದಲದಲ್ಲಿ ಮೊದಲು ಸಾಯುತ್ತವೆ. ವಿದ್ಯುತ್ತು ಬರುವ ಮೊದಲು ಭಾಗವತರು ಬರಿಯ ಗಂಟಲಿನಿಂದ ಇರುಳಿಡೀ ಹಾಡಿದರು. ಇಂದಿನವರಿಂದ ಅದನ್ನು ನಿರೀಕ್ಷಿಸುವುದು ಕ್ರೌರ್ಯ, ಆದರೆ ಸ್ಪೀಕರಿನ ಮುಖವನ್ನು ದಾದಿಯ ಕಿಟಿಕಿಯಿಂದ ತಿರುಗಿಸುವುದಕ್ಕೆ ಯಾವ ಶಾಸ್ತ್ರದ ಅಡ್ಡಿಯೂ ಇಲ್ಲ. ಚೆಂಡೆಯ ಮೇಲಣ ನಿಷೇಧ ಮಾತ್ರ ನನಗೆ ಒಪ್ಪಿತವಲ್ಲ. ವರ್ಷಕ್ಕೊಂದು ಇರುಳು ಒಂದು ಗದ್ದೆಯಲ್ಲಿ ಚರ್ಮದ ವಾದ್ಯ ಬಾರಿಸುವುದನ್ನೂ, ದಿನಂಪ್ರತಿ ಇರುಳು ಯಂತ್ರದಿಂದ ಹಾಡು ಹರಿಯಬಿಡುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನಿಯಮ ಬರೆದವರು ಕಣ್ಣುಮುಚ್ಚಿ ಮಾಡಿದ ಕೆಲಸ.

ಬೇರೆ ದೇಶಗಳು ಇದಕ್ಕೊಂದು ದಾರಿಯನ್ನು ಕಂಡುಕೊಂಡಿವೆ. ಆಸ್ಟ್ರೇಲಿಯದ ವಿಕ್ಟೋರಿಯಾ ಪ್ರಾಂತವು 2014ರಲ್ಲಿ, ಇಂಗ್ಲೆಂಡು 2018ರಲ್ಲಿ ತಮ್ಮ ನಗರಯೋಜನೆಯ ಕಟ್ಟಳೆಗಳಲ್ಲಿ ಒಂದು ತತ್ತ್ವವನ್ನು ಸೇರಿಸಿದವು: ಸಂಗೀತದ ತಾಣವಿರುವ ಕಡೆ ಹೊಸದಾಗಿ ಮನೆ ಕಟ್ಟುವವನೇ ಸದ್ದು ಒಳಗೆ ಬಾರದಂತೆ ಗೋಡೆ ಕಿಟಿಕಿಗಳನ್ನು ಕಟ್ಟಿಸಿಕೊಡಬೇಕು, ಬದಲಾವಣೆಯನ್ನು ತಂದವನದೇ ಹೊಣೆ. ಗಮನಿಸಬೇಕು, ಹೊಣೆ ಮನೆ ಕೊಂಡ ದಾದಿಯದಲ್ಲ, ಕಟ್ಟಿ ಮಾರಿದವನದು. ಲಂಡನ್ನಿನ ಒಂದು ಪ್ರಸಿದ್ಧ ನೃತ್ಯಶಾಲೆಯಂತೂ ಎದುರಿನಲ್ಲಿ ಎದ್ದ ವಸತಿಗೋಪುರದ ನಿರ್ಮಾಪಕರೊಡನೆ, ಸದ್ದು ಮಾಡುವ ತನ್ನ ಹಕ್ಕನ್ನು ಆಸ್ತಿಯ ದಾಖಲೆಯಲ್ಲಿಯೇ ಬರೆಯಿಸಿಕೊಂಡಿತು. ಕ್ರಯಪತ್ರ ಓದಿದವನಿಗೆ ಅಲ್ಲಿ ಆಟ ಉಂಟೆಂದು ಮೊದಲೇ ತಿಳಿಯುತ್ತದೆ.

ನಮ್ಮ ಅಭಿವೃದ್ಧಿ ಪ್ರಾಧಿಕಾರಗಳ ನಕ್ಷೆಯಲ್ಲಿ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಉದ್ಯಾನಕ್ಕೆ ಹಸಿರು ಎಂದು ಬಣ್ಣಗಳುಂಟು. ಆಟದ ಗದ್ದೆಗೆ ಬಣ್ಣವಿಲ್ಲ. ಅದು ಹಳದಿಯಲ್ಲಿ ಕರಗಿಹೋಗಿರುತ್ತದೆ. ಗುರುತಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಯಾವ ಮೇಳ ಯಾವ ದಿನ ಯಾವ ಊರಿನಲ್ಲಿ, ಯಾರ ಗದ್ದೆಯಲ್ಲಿ, ಯಾವ ಶಾಲೆಯ ಬಯಲಿನಲ್ಲಿ ಎಂಬ ಪಟ್ಟಿ ತಿರುಗಾಟದ ಆರು ತಿಂಗಳೂ ನಮ್ಮ ದಿನಪತ್ರಿಕೆಗಳ 'ಇಂದಿನ ಯಕ್ಷಗಾನ'ದ ಅಂಕಣದಲ್ಲಿ ಅಚ್ಚಾಗುತ್ತ ಬಂದಿದೆ. ಕಾಪು ಮತ್ತು ಕಾರ್ಕಳ ತಾಲೂಕುಗಳ ಹತ್ತು ವರ್ಷದ ಅಂಕಣಗಳನ್ನು ಕತ್ತರಿಸಿ ಅಂಟಿಸುವುದಕ್ಕೆ ನನ್ನ ಬಿ.ಎ. ತರಗತಿಯ ನಾಲ್ವರು ವಿದ್ಯಾರ್ಥಿಗಳು ಈ ರಜೆಯಲ್ಲಿ ತೊಡಗಿದ್ದಾರೆ. ಒಂದೇ ಗದ್ದೆ ಎಷ್ಟು ಸಲ ಬರುತ್ತದೆ, ಯಾವ ವರ್ಷದಿಂದ ಬರುವುದನ್ನು ನಿಲ್ಲಿಸಿದೆ ಎಂಬುದನ್ನು ಅವರು ಬೇರೆ ಬೇರೆ ಶಾಯಿಯಲ್ಲಿ ಗುರುತಿಸುತ್ತಿದ್ದಾರೆ.